ಕೇಳಿದವರಿಗೆಲ್ಲ ಕೊಟ್ಟುಬಿಟ್ಟ ಹಳದಿ ಚೀಲಕ್ಕೆ

ಶ್ರೀಮಾನ್ ಹಳದಿ ಚೀಲದವರ ಸನ್ನಿಧಾನಕ್ಕೆ,
ನಮ್ಮ ಮನೆಯ ಮೂಲೆ ಹಲಗೆ, ತಬೊನಾವಾ ಗ್ರಾಮ, ಕಿರಿಬಾಸ್

ಮಾನ್ಯರೇ,

ನೀರು ಒಳಹೊಗದ ತಮ್ಮ ಮೈಗೂ, ತುಕ್ಕು ಹಿಡಿಯದ ತಮ್ಮ ಜಿಪ್ಪಿಗೂ ಸಾವಿರ ಶರಣು. ಕೌರೇ ಎಂಬ ಮೀನುಗಾರನ ಅಕ್ಕನೂ, ತಾವು ವಾಸವಾಗಿರುವ ಮನೆಯನ್ನು ದಿನಾ ಗುಡಿಸುವವಳೂ ಆದ ನಾನು, ತಮ್ಮ ಮೇಲೆ ದೂರು ಹೇಳಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ಹನ್ನೊಂದು ತಿಂಗಳ ಹಿಂದೆ ಮೀನುಗಾರಿಕೆ ಇಲಾಖೆಯ ಸಾಹೇಬರು ನಮ್ಮ ಊರಿನ ಸಭಾಮನೆಯಲ್ಲಿ, ಸಮುದ್ರದ ಆಪತ್ತಿಗೆಂದು ಸಾಮಾನು ತುಂಬಿದ ತಮ್ಮನ್ನು ಎತ್ತಿ ಹಿಡಿದು, "ಇದು ದೋಣೀಲಿರ್ಬೇಕು, ಮನೇಲಲ್ಲ. ಗೊತ್ತಾಯ್ತಾ?" ಎಂದು ಮೂರು ಸಲ ಕೇಳಿದರು. ನಾವೆಲ್ಲ ಮೂರು ಸಲವೂ ಗೊತ್ತಾಯಿತೆಂದು ತಲೆಯಾಡಿಸಿ, ಅವರಿಗೆ ಹೂವಿನ ಕಿರೀಟ ತೊಡಿಸಿ, ಹೊಟ್ಟೆ ಬಿರಿಯುವಷ್ಟು ಕೆಸುವಿನ ಗೆಡ್ಡೆ ತಿನ್ನಿಸಿ ಕಳಿಸಿದೆವು. ಆಮೇಲೆ, ಇಷ್ಟು ಚಂದದ ಉಡುಗೊರೆ ಉಪ್ಪುನೀರಿನಲ್ಲಿ ನೆನೆದರೆ ಕೊಟ್ಟವರಿಗೆ ಅವಮಾನವಲ್ಲವೇ ಎಂದು ಕೌರೇ ತಮ್ಮನ್ನು ತಂದು ಮೂಲೆ ಹಲಗೆಯ ಮೇಲೆ ಕೂರಿಸಿದ.

ತಾವಾದರೂ ಅಲ್ಲಿ ಸುಮ್ಮನೆ ಕೂತಿದ್ದರೆ ನನಗೆ ಈ ಕಾಗದ ಬರೆಯುವ ಕೆಲಸ ಇರುತ್ತಿರಲಿಲ್ಲ. ನಮ್ಮಲ್ಲಿ 'ಬುಬುಸಿ' ಎಂಬುದೊಂದಿದೆ. ನೆಂಟರು ಬಂದು ನನಗಿದು ಬೇಕು ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವಂತಿಲ್ಲ, ಅಂದವನು ಊರಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ಹೊರಗಿನಿಂದ ಬಂದ ತಾವು ಈ ಪದ್ಧತಿಯನ್ನು ನಮಗಿಂತ ಚೆನ್ನಾಗಿ ಕಲಿತಿರಿ. ವಿಮಾನಕ್ಕೆ ಬೆಳಕು ಹಾಯಿಸಲೆಂದು ತಮ್ಮೊಳಗಿದ್ದ ಕನ್ನಡಿಯನ್ನು ಚಿಕ್ಕಪ್ಪನ ಮಗಳು ಹಣೆಯ ಮೊಡವೆ ನೋಡಿಕೊಳ್ಳಲು ಕೇಳಿದಳು, ಕೊಟ್ಟಿರಿ. ಹಗ್ಗ ಹಂದಿ ಕಟ್ಟಲು ಹೋಯಿತು. ಶಿಳ್ಳೆಯಂತೂ ವಾಲಿಬಾಲ್ ತೀರ್ಪುಗಾರನಾದ ನಮ್ಮ ಭಾವನ ಬಾಯಿ ಸೇರಿ, ಆಪತ್ತಿನ ಶಿಳ್ಳೆ ಅಷ್ಟು ದೂರ ಕೇಳಿಸುತ್ತದೆಂದು ಊರಿಗೆ ಊರೇ ದಿನಾ ಸಂಜೆ ಕಿವಿ ಮುಚ್ಚಿಕೊಂಡು ಒಪ್ಪಿಕೊಂಡಿತು. ಲೈಫ್ ಜಾಕೆಟ್ಟಿನ ಮೇಲೆ ಅಜ್ಜಿಯೊಬ್ಬರು ತಲೆಯಿಟ್ಟು ಮಲಗುತ್ತಾರೆ, ಕುತ್ತಿಗೆ ನೋವು ಹೋಯಿತಂತೆ, ಅಷ್ಟರಮಟ್ಟಿಗೆ ಅದೂ ಜೀವರಕ್ಷಕವೇ. ಉಳಿದದ್ದು ಗುಂಡಿ ಒತ್ತಿದರೆ ಉಪಗ್ರಹಕ್ಕೆ ಮೊರೆಯಿಡುವ ಆ ಕಿತ್ತಳೆ ಬಣ್ಣದ ಬೀಕನ್ ಒಂದೇ. ಅದನ್ನೂ ಇಯೋತೆಬಾ ಮಾವ ಕೇಳಿ ಒಯ್ದಿದ್ದರು, ಮಾರನೆಯ ದಿನ, "ಇದ್ರಲ್ಲಿ ಒಂದ್ ಹಾಡೂ ಬರಲ್ವಲ್ಲೇ" ಎಂದು ವಾಪಸು ತಂದಿಟ್ಟರು.

ಕಳೆದ ತಿಂಗಳ ಒಂದು ಮಂಗಳವಾರ ಕೌರೇ ಎರಡು ಎಳನೀರು, ಗಾಳದ ದಾರ, ತಲೆಗೊಂದು ಟೋಪಿ ತೆಗೆದುಕೊಂಡು ದೋಣಿ ನೂಕಿದ. ಎತ್ತ ಹೋಗ್ತೀಯೋ ಎಂದು ಕೇಳಿದ್ದಕ್ಕೆ, "ಮೀನು ಇರೋ ಕಡೆಗೆ ಕಣಕ್ಕಾ" ಎಂದ. ದ್ವೀಪದ ಸುತ್ತಲಿನ ಹವಳದ ಬಂಡೆಸಾಲು ದಾಟಿದ ಮೇಲೆ ಇಂಜಿನ್ ಕೆಮ್ಮಿ ನಿಂತುಹೋಯಿತೆಂದೂ, ಮೂಡಣ ಗಾಳಿ ಅವನನ್ನು ಪಡುವಣಕ್ಕೆ, ಅಂದರೆ ಏನೂ ಇಲ್ಲದ ಕಡೆಗೆ, ತಳ್ಳತೊಡಗಿತೆಂದೂ ನಮಗೆ ಆಮೇಲೆ ತಿಳಿಯಿತು. ಸಂಜೆಯಾದರೂ ದೋಣಿ ಕಾಣದಿದ್ದಾಗ ನಾನು ಓಡಿಬಂದು ತಮ್ಮ ಜಿಪ್ಪು ಎಳೆದೆ. ತಳದಲ್ಲಿದ್ದ ಬೀಕನ್ನನ್ನು ಹಿತ್ತಲಿನ ಅಡುಗೆಮನೆಗೆ ತಾಗಿದ ದೀವಿಹಲಸಿನ ಮರದ ಕೆಳಗೆ ಹಿಡಿದುಕೊಂಡು ಗುಂಡಿ ಒತ್ತಿದೆ. ಯಂತ್ರ ಕೌರೇಯದು, ಆದ್ದರಿಂದ ಅವನು ಎಲ್ಲಿದ್ದಾನೋ ಅದನ್ನೇ ಹೇಳುತ್ತದೆ ಎಂದು ನಾನು ನಂಬಿದ್ದೆ.

ಮಾರನೆಯ ದಿನ ಮಧ್ಯಾಹ್ನ, ಎಷ್ಟೋ ಸಾಗರ ದಾಟಿ ಬಂದ ವಿಮಾನವೊಂದು ನಮ್ಮ ಅಡುಗೆಮನೆಯ ಮೇಲೆ ಸುತ್ತು ಹೊಡೆಯತೊಡಗಿತು. ತಮ್ಮ ಬೀಕನ್ನಿನ ಕರಾರುವಾಕ್ಕುತನವನ್ನು ಎಷ್ಟು ಹೊಗಳಿದರೂ ಸಾಲದು, ಒಲೆಯಿಂದ ಒಂದು ಮಾರು ಆಚೀಚೆಯಾಗಿರಲಿಲ್ಲ. ಪಂಚಾಯಿತಿಯ ಗುಮಾಸ್ತ ಸೈಕಲ್ ತುಳಿದುಕೊಂಡು ಬಂದು, "ಅಕ್ಕಾ, ನಿಮ್ ಹಿತ್ಲಲ್ಲಿ ದೋಣಿ ಮುಳುಗ್ತಿದೆಯಂತೆ, ಒಳಗೆ ಎಷ್ಟು ಜನ ಇದೀರ ಅಂತ ರೇಡಿಯೋದಲ್ಲಿ ಕೇಳ್ತಿದಾರೆ!" ಎಂದು ಏದುಸಿರು ಬಿಟ್ಟ. ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ವಿಷಯ ತಿಳಿದು, ಗಾಳಿಯ ದಿಕ್ಕು ನೋಡಿ ಆ ಪುಣ್ಯಾತ್ಮರು ವಿಮಾನವನ್ನು ಪಡುವಣಕ್ಕೆ ತಿರುಗಿಸಿದರು. ಕೌರೇ ಸಿಕ್ಕಿದ್ದು ಗುರುವಾರ, ನಲವತ್ತು ಮೈಲಿ ಆಚೆ, ತುಟಿ ಒಡೆದು, ಟೋಪಿಯಲ್ಲಿ ಹಿಡಿದ ಮಳೆನೀರು ಕುಡಿಯುತ್ತ. ಆ ಎರಡು ದಿನ ದಡದಲ್ಲಿ ಕೂತು, ಹೂಳಲು ದೇಹವೂ ಸಿಗದಿದ್ದರೆ ಏನು ಮಾಡುತ್ತಾರೆಂದು ನಾನು ಯೋಚಿಸುತ್ತಿದ್ದೆ. ನನಗೆ ಅಷ್ಟು ಭಯ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಇಷ್ಟಾದ ಮೇಲೆ ಸಾಹೇಬರು ಬಂದು, ತಲೆ ಚಚ್ಚಿಕೊಂಡು, ತಮ್ಮ ಹೊಟ್ಟೆಯನ್ನು ಮತ್ತೆ ತುಂಬಿಸಿಕೊಟ್ಟರು. ತುಟಿ ಮಾಗಿದ ಕೂಡಲೇ ನನ್ನ ತಮ್ಮ ಹೇಳಿದ್ದೇನು ಗೊತ್ತೇ? "ನೋಡಕ್ಕಾ, ಚೀಲ ಮನೇಲಿದ್ದಿದ್ದೇ ಒಳ್ಳೇದಾಯ್ತು. ನೀ ಒತ್ತಿದೆ, ವಿಮಾನ ಬಂತು. ದೋಣೀಲಿದ್ದಿದ್ರೆ ನೆಂದು ಹಾಳಾಗ್ತಿತ್ತು." ತಮ್ಮನ್ನು ಮತ್ತೆ ಅದೇ ಹಲಗೆಯ ಮೇಲೆ ಕೂರಿಸಿದ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ದಯವಿಟ್ಟು ಎರಡು ಕಾಲು ಬೆಳೆಸಿಕೊಂಡು ಬೆಳಿಗ್ಗೆ ಕೌರೇಗಿಂತ ಮೊದಲು ದೋಣಿ ಹತ್ತಿರಿ, ನೆಂಟರು ಜಿಪ್ಪಿಗೆ ಕೈಹಾಕಿದರೆ ಕಚ್ಚಿರಿ, ಎತ್ತ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನು ತಾವಾದರೂ ನನ್ನ ಕಿವಿಯಲ್ಲಿ ಹೇಳಿಹೋಗಿರಿ.

ತಾವು ಇದ್ಯಾವುದನ್ನೂ ಮಾಡುವವರಲ್ಲ ಎಂದು ಗೊತ್ತಿದ್ದೇ ನಾನು ಕಳೆದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಸಭಾಮನೆಯಲ್ಲಿ ಹಿರಿಯರೆಲ್ಲ ಕೂತಿರುವಾಗ ಎದ್ದು ನಿಂತು, ತಮ್ಮನ ಮುಂದೆ ಬುಬುಸಿ ಇಟ್ಟೆ. ಅವನು ನಗುತ್ತ, "ಏನ್ ಬೇಕಕ್ಕಾ, ಇಂಜಿನ್ನಾ?" ಎಂದ. "ನಿನ್ ಜೀವ ಕೊಡೋ" ಎಂದೆ. ಇಲ್ಲ ಅನ್ನುವಂತಿಲ್ಲವಲ್ಲ, ಚಾಪೆ ನೋಡುತ್ತ, "ತಗೋ ಅಕ್ಕಾ" ಎಂದ. ಈಗ ಅದು ನನ್ನ ಸೊತ್ತು. ನನ್ನ ಸೊತ್ತನ್ನು ಸಮುದ್ರಕ್ಕೆ ಒಯ್ಯುವವನು ಚೀಲವಿಲ್ಲದೆ ಒಯ್ಯುವಂತಿಲ್ಲ ಎಂದು ಹಿರಿಯರು ಅಲ್ಲೇ ತೀರ್ಪು ಕೊಟ್ಟರು. ಸೋಮವಾರದಿಂದ ತಾವು ದೋಣಿಯ ಮೂತಿಯಲ್ಲಿದ್ದೀರಿ, ನಾನೇ ಕಟ್ಟಿದ ಮೂರು ಗಂಟಿನಲ್ಲಿ.

ವಿಶ್ವಾಸ ಇನ್ನೂ ಪೂರ್ತಿ ಖಾಲಿಯಾಗದ,
ತಮ್ಮ ವಿಶ್ವಾಸಿ,
ನೇಯ್ ಸಿಯೇಮಾ

ಮರೆತ ಮಾತು: ಈ ಕಾಗದವನ್ನು ಸಭಾಮನೆಯ ಕಂಬಕ್ಕೆ ಅಂಟಿಸಿದ್ದೇನೆ. ಹೊಸ ಕನ್ನಡಿ, ಹೊಸ ಶಿಳ್ಳೆಯ ಮೇಲೆ ಕಣ್ಣಿಟ್ಟಿರುವ ನೆಂಟರಿಷ್ಟರು ಸಂಕೋಚವಿಲ್ಲದೆ ಕೇಳಬಹುದು, ನಾನು ಯಾರಿಗೂ ಇಲ್ಲ ಅನ್ನುವವಳಲ್ಲ. ಕೇಳಿದ್ದನ್ನು ಬಂಡೆಸಾಲಿನಾಚೆ ಮೂರು ಮೈಲಿಯಲ್ಲಿ, ಇಂಜಿನ್ ನಿಲ್ಲಿಸಿ, ಕೈಗೆ ಕೊಡಲಾಗುವುದು. ಅಲ್ಲಿಂದ ಮನೆಗೆ ಈಜಿಕೊಂಡು ಬರುವ ಏರ್ಪಾಡು ಮಾತ್ರ ಅವರವರದೇ.