ಸಮುದ್ರಕ್ಕೆ ಸೀಟಿ

ಬಂಗಾಳ ಕೊಲ್ಲಿಯ ಎದುರು ನಿಂತು, ಸೀಟಿ ಊದಿ, "ಏಯ್, ಅಲ್ಲೇ ನಿಲ್ಲು!" ಎಂದು ಗದರಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇರಬೇಕು. ಅವನು ನಮ್ಮ ಕಾಕಾ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೋ ನಾಚಿಕೆಯೋ, ಇವತ್ತಿಗೂ ತೀರ್ಮಾನವಾಗಿಲ್ಲ!

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಮಾನ್ವಿಯ ಶಾಲೆಯೊಂದರ ಡ್ರಿಲ್ ಮಾಸ್ತರ. ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಬಿಳಿ ಬಳಿದ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಹಿತ್ತಾಳೆಯ ಸೀಟಿ. ಸ್ನಾನಕ್ಕೆ ಹೋದಾಗಲೂ ಸೀಟಿ ಕೊರಳಲ್ಲೇ. ಬಿಸಿನೀರು ಸಾಲದಿದ್ದರೆ ಬಚ್ಚಲಿನಿಂದಲೇ ಊದುತ್ತಿದ್ದ! ಗಿಡ್ಡ ಸೀಟಿ ಎಂದರೆ ಓಡಿ ಬರಬೇಕು, ಉದ್ದ ಸೀಟಿ ಎಂದರೆ ಇದ್ದಲ್ಲೇ ನಿಲ್ಲಬೇಕು. ನಾವಿರಲಿ, ಪಕ್ಕದ ಮನೆಯ ಒದೆಯುವ ಎಮ್ಮೆಯೂ ಇದನ್ನು ಕಲಿತಿತ್ತು. ಅದರ ಒಡತಿ ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ಬಾಗಿಲಿಗೆ ಬರುತ್ತಿದ್ದಳು: "ಮಾಸ್ತರ್ರೇ, ಒಂದೀಟು ಉದ್ದಕ ಊದ್ರಿ, ಹಾಲು ಹಿಂಡ್ಕೋತೀನಿ."

ಎಪ್ಪತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಕಾಕಾ ಮನೆಯ ಮಕ್ಕಳನ್ನೆಲ್ಲ ಪ್ರವಾಸಕ್ಕೆ ಕರೆದುಕೊಂಡು ಹೋಗುವುದಾಗಿ ಸಾರಿದ. ಅವನಿಗೆ ಮಕ್ಕಳಿರಲಿಲ್ಲ, ಆದ್ದರಿಂದ ಉಳಿದವರ ಮಕ್ಕಳೆಲ್ಲ ಅವನವೇ. ರಾಯಚೂರಿನಿಂದ ನಾನು ಮತ್ತು ನನ್ನ ತಮ್ಮ, ದೇವದುರ್ಗದಿಂದ ಅತ್ತೆಯ ಮಕ್ಕಳು, ನಮ್ಮೆಲ್ಲರ ಬುತ್ತಿ ಕಟ್ಟಲು ಕಾಕು, ಅಂದರೆ ಕಾಕಾನ ಹೆಂಡತಿ. ರಾಯಚೂರಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ಲ? ಬುದ್ಧಿ ನೆಟ್ಟಗಿರುವವರು ಯಾವುದಾದರೂ ತಣ್ಣನೆಯ ಗುಡ್ಡದ ಊರಿಗೆ ಹೋಗುತ್ತಾರೆ. ಕಾಕಾ ಆರಿಸಿದ್ದು ಮದ್ರಾಸು!

"ಅಲ್ಲಿ ಇಲ್ಲಿಗಿಂತ ಸೆಕಿ ಅಂತಲ್ಲೋ!" ಎಂದರು ನನ್ನ ತಂದೆ.

"ಅದಕ್ಕೇ ಹೊಂಟೀವಿ. ತಿರುಗಿ ಬಂದ ಮ್ಯಾಲೆ ರಾಯಚೂರು ತಂಪನಿಸ್ತದ ನೋಡಣ್ಣಾ!"

ಈ ತರ್ಕಕ್ಕೆ ಎದುರಾಡಲು ಯಾರಿಗೆ ಸಾಧ್ಯ?

ತಯಾರಿಯಿಲ್ಲದೆ ಕಾಕಾ ಯಾವ ಕೆಲಸಕ್ಕೂ ಇಳಿಯುವವನಲ್ಲ. ಹೊರಡುವ ಮೊದಲು ನಮ್ಮನ್ನು ಕೃಷ್ಣಾ ದಂಡೆಯ ಗೂಗಲ್‌ಗೆ ಕರೆದೊಯ್ದು, ಬಂಡೆಗಳ ನಡುವೆ ಮೊಣಕಾಲುದ್ದ ಹರಿಯುತ್ತಿದ್ದ ನೀರು ತೋರಿಸಿ, "ಇದೇ ಸಮುದ್ರ ಅಂತ ತಿಳ್ಕೋರಿ" ಎಂದ. ತಿಳಿದುಕೊಂಡೆವು. ಸೀಟಿಗೆ ಸರಿಯಾಗಿ ಮುಂದೆ ಹೋದೆವು, ಹಿಂದೆ ಸರಿದೆವು, ಮತ್ತೆ ಮುಂದೆ ಹೋದೆವು. ಹರಿಗೋಲಿನವನೊಬ್ಬ ಹುಟ್ಟು ಹಾಕುವುದನ್ನೇ ಮರೆತು ನೋಡಿದ.

"ಏನ್ ಮಾಡಾಕತ್ತೀರಿ ಮಾಸ್ತರ್ರೇ?"

"ಅಲಿ ಬಂದ್ರ ಹಿಂದ ಸರಿಯೋದು ಕಲಿಸಾಕತ್ತೀನಿ."

"ಇಲ್ಲಿ ಎಲ್ಲದಾವ್ರೀ ಅಲಿ?"

"ಕೃಷ್ಣಿ ಶಿಸ್ತಿನಾಕಿ, ಅದಕ್ಕ ಇಲ್ಲ. ಸಮುದ್ರಕ್ಕ ಶಿಸ್ತಿಲ್ಲ!"

ಅಂತೂ ರೈಲು ಹತ್ತಿದೆವು. ಗುಂತಕಲ್ಲಿನಲ್ಲಿ ಗಾಡಿ ನಿಂತಾಗ ನಾವು ಮಕ್ಕಳು ಕೆಳಗಿಳಿದು ಅಲ್ಲಿ ಇಲ್ಲಿ ಚದುರಿದ್ದೆವು. ನಮ್ಮನ್ನು ಕರೆಯಲು ಕಾಕಾ ಗಿಡ್ಡ ಸೀಟಿ ಊದಿದ. ಅಯ್ಯೋ, ಇಡೀ ಪ್ಲಾಟ್‌ಫಾರ್ಮು ಓಡಿ ಬಂತು! ಇಡ್ಲಿ ತಿನ್ನುತ್ತಿದ್ದವರು ಎಲೆ ಸಮೇತ, ನಲ್ಲಿಯ ಕೆಳಗಿದ್ದವರು ಸೋಪಿನ ಮುಖದ ಸಮೇತ ಸಿಕ್ಕ ಸಿಕ್ಕ ಡಬ್ಬಿಗೆ ಹಾರಿದರು. ಗಾಡಿ ಮಾತ್ರ ನಿಂತಲ್ಲೇ ನಿಂತಿತ್ತು. ನಿಜವಾದ ಗಾರ್ಡು ಹಸಿರು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ತೆಲುಗಿನಲ್ಲೂ ಕನ್ನಡದಲ್ಲೂ ಕೂಗಾಡಿದ. ಕಾಕಾ ಪೂರ್ತಿ ಕೇಳಿ, "ನೀವೂ ಊದ್ರಿ, ನಾ ಎಲ್ಲಿ ಬ್ಯಾಡಂದೆ? ಆದ್ರ ಉಸಿರು ಹೊಟ್ಟಿಯಿಂದ ಬರ್ಬೇಕು, ಗಂಟಲಿನಿಂದಲ್ಲ" ಎಂದು ಉದ್ದಕ್ಕೆ ಊದಿ ತೋರಿಸಿದ. ಗಾಡಿ ಇನ್ನು ಹೊರಡುವುದಿಲ್ಲವೆಂದುಕೊಂಡು ಹತ್ತಿದ್ದವರೆಲ್ಲ ಈಗ ಮತ್ತೆ ಕೆಳಗಿಳಿದರು!

ಮದ್ರಾಸಿನಲ್ಲಿ ಕಾಕಾನ ಖಾಕಿ ಚಡ್ಡಿಗೆ ಹೊಸ ಮರ್ಯಾದೆ ಬಂತು. ಕಡಲದಂಡೆಯ ರಸ್ತೆ ದಾಟುವಾಗ ಅವನು ಉದ್ದ ಸೀಟಿ ಊದಿ ಕೈ ಎತ್ತಿದ. ಬಸ್ಸು, ರಿಕ್ಷಾ, ಮಂಜುಗಡ್ಡೆಯ ಕೈಗಾಡಿ, ಎಲ್ಲ ಗಕ್ಕನೆ ನಿಂತವು. ಎತ್ತರದ ಪ್ರಕಾರ ಸಾಲುಗಟ್ಟಿ ನಾವು ಎಡಬಲ ಹೆಜ್ಜೆ ಹಾಕುತ್ತ ದಾಟಿದೆವು. ಮೂಲೆಯಲ್ಲಿದ್ದ ಪೊಲೀಸಿನವನು ಮೊದಲು ಸೆಲ್ಯೂಟು ಹೊಡೆದ, ಆಮೇಲೆ ಯೋಚಿಸತೊಡಗಿದ. ಅವನ ಯೋಚನೆ ಮುಗಿಯುವಷ್ಟರಲ್ಲಿ ನಾವು ಮರಳಿನ ಮೇಲಿದ್ದೆವು!

ಆಮೇಲೆ ಕಂಡದ್ದು ಸಮುದ್ರ. ಕೃಷ್ಣೆಗೆ ಆಚೆ ದಡವಿತ್ತು, ಇದಕ್ಕೆ ಇರಲಿಲ್ಲ. ನಾವು ಬಾಯಿ ತೆರೆದು ನಿಂತೆವು. ಕಾಕಾನೂ ಸಮುದ್ರ ನೋಡುತ್ತಿದ್ದದ್ದು ಅದೇ ಮೊದಲು. ನಮ್ಮ ಮನೆತನ ಕಲ್ಮಲದ ಒಣನೆಲದ್ದು, ಅವನಿಗೆ ಈಜು ಬಾರದು. ಮುಖ ಸ್ವಲ್ಪ ಬಿಳಿಚಿಕೊಂಡಿತೆಂದು ನನಗನ್ನಿಸಿತು. ಆದರೆ ಡ್ರಿಲ್ ಮಾಸ್ತರ ಬಿಟ್ಟುಕೊಡುತ್ತಾನೆಯೆ? ಬೂಟಿನ ಹಿಮ್ಮಡಿಯಿಂದ ಮರಳಿನ ಮೇಲೆ ಗೆರೆ ಎಳೆದು, "ಇದನ್ನ ದಾಟಿದವ್ರಿಗೆ ಗುಗ್ಗರಿ ಇಲ್ಲ!" ಎಂದ. ಅಲೆ ಬಂದು ಗೆರೆಯನ್ನು ನೆಕ್ಕಿಕೊಂಡು ಹೋಯಿತು. ಹಿಂದೆ ಸರಿದು ಇನ್ನೊಂದು ಎಳೆದ. ಅದೂ ಹೋಯಿತು. ಎಳೆಯುತ್ತ ಎಳೆಯುತ್ತ ಕೊನೆಗೆ ನಾವು ಗುಗ್ಗರಿ ಮಾರುವವನ ಬೆನ್ನ ಹಿಂದೆ ನಿಂತಿದ್ದೆವು! ಸಮುದ್ರ ನೋಡಲು ಬಂದವರಿಗೆ ಅವನ ಬುಟ್ಟಿ ಮಾತ್ರ ಕಾಣುತ್ತಿತ್ತು. ಆಗಲೇ ಕಾಕಾ ದಾಪುಗಾಲಿಟ್ಟು ಮುಂದೆ ಹೋಗಿ, ಸಮುದ್ರಕ್ಕೆ ಆ ಸೀಟಿ ಊದಿದ್ದು.

"ನೀರು ಸೀಟಿ ಕೇಳ್ತದೇನ್ರೀ?" ಎಂದು ನಕ್ಕಳು ಕಾಕು. ಅವಳ ತವರು ಚೀಕಲಪರ್ವಿ. ತುಂಗಭದ್ರೆಯಲ್ಲಿ ಮೀನಿನಂತೆ ಬೆಳೆದವಳು. ಮದುವೆಯಾಗಿ ಮಾನ್ವಿಗೆ ಬಂದ ಮೇಲೆ ಅವಳ ಪಾಲಿಗೆ ಉಳಿದದ್ದು ಕೊಡದ ನೀರು. ಸೀರೆ ಎತ್ತಿ ಸಿಕ್ಕಿಸಿ, ಗೆರೆ ಇದ್ದ ಜಾಗಗಳನ್ನೆಲ್ಲ ದಾಟಿ ನಡೆದೇಬಿಟ್ಟಳು.

"ಏ, ಇಲ್ಲಿ ನೋಡಿಲ್ಲಿ! ಎಲ್ಲಿ ಹೊಂಟಿ?"

ಕಾಕು ತಿರುಗಲಿಲ್ಲ. ನೀರು ಸೊಂಟಕ್ಕೆ ಬಂತು. ದೊಡ್ಡದೊಂದು ಅಲೆ ಎದ್ದು ಬಿತ್ತು. ನೊರೆ ಹರಿದು ಹೋದಾಗ ಅಲ್ಲಿ ಕಾಕು ಇರಲಿಲ್ಲ.

ಕಾಕಾ ಸೀಟಿ ಬಾಯಿಗಿಟ್ಟ. ಸದ್ದು ಬರಲಿಲ್ಲ. ಅದನ್ನು ಉಗುಳಿದವನೇ ಕಿರುಚಿದ:

"ತುಂಗಾ! ತುಂಗಾ!"

ಬೂಟು ಹಾಕಿಕೊಂಡೇ ನೀರಿಗೆ ನುಗ್ಗಿದ. ಮುಂದಿನ ಅಲೆ ಅವನನ್ನೂ ಮಗುಚಿ ಹಾಕಿತು. ಅಷ್ಟರಲ್ಲಿ ಆಚೆ ಎಲ್ಲೋ ತಲೆ ಎತ್ತಿದ ಕಾಕು, ಕೂದಲು ಬಿಚ್ಚಿಕೊಂಡು ಕೈ ಬೀಸುತ್ತ ಬಂದು, ಅವನ ಅಂಗಿಯ ಕಾಲರು ಹಿಡಿದು ದಡಕ್ಕೆ ಎಳೆದು ತಂದಳು.

ನನ್ನ ತಮ್ಮ ಅಳುತ್ತಳುತ್ತಲೇ ನನ್ನನ್ನು ಕೇಳಿದ, "ಅಕ್ಕಾ, ತುಂಗಾ ಅಂದ್ರ ಯಾರು?"

ನನಗೂ ಗೊತ್ತಿರಲಿಲ್ಲ. ನಮಗೆ ಅವಳು ಕಾಕು, ಊರಿಗೆ ಮಾಸ್ತರ ಹೆಂಡತಿ, ಕಾಕಾನಿಗೆ 'ಇಲ್ಲಿ ನೋಡಿಲ್ಲಿ'. ಅವಳಿಗೊಂದು ಹೆಸರಿದೆಯೆಂದು ತಿಳಿದದ್ದೇ ಆಗ.

"ಈಸು ಬರಂಗಿಲ್ಲ, ಬೂಟು ಸೈತ ಬಿಚ್ಚಿಲ್ಲ, ಹಂಗೇ ಓಡಿ ಬರ್ತಾರೇನ್ರೀ?" ಕಾಕು ಬಯ್ಯುತ್ತಿದ್ದಳು.

"ನೀ ಕಾಣಲಿಲ್ಲ," ಎಂದ ಕಾಕಾ. "ನೋಡಿದ್ರ... ನೀ ಕಾಣಲಿಲ್ಲ."

ಕಾಕು ಸೆರಗು ಹಿಂಡುವುದನ್ನು ನಿಲ್ಲಿಸಿದಳು. ಮೆಲ್ಲಗೆ, "ಇನ್ನೊಮ್ಮೆ ಕರೀರಿ" ಎಂದಳು.

"ಏನಂತ?"

"ಈಗ ಕರೆದ್ರಲ್ಲ, ಹಂಗ."

ಕಾಕಾ ನಮ್ಮ ಕಡೆ ನೋಡಿದ. ಯಾರೂ ಹೇಳದಿದ್ದರೂ ನಾವೆಲ್ಲ ಮುಖ ತಿರುಗಿಸಿ ಸಮುದ್ರ ನೋಡತೊಡಗಿದೆವು. ಅವನು ಬಗ್ಗಿ ಏನೋ ಅಂದ. ಅಲೆಗಳ ಅಬ್ಬರದಲ್ಲಿ ನಮಗೆ ಕೇಳಿಸಲಿಲ್ಲ.

"ಓ" ಎಂದಳು ಕಾಕು.