ಬಿಕ್ಕಿದ ಹಾಡಿಗೆ ಆಧಾರ

ಎಲ್ಲ ಕೆಟ್ಟದ್ದು ಒಂದು ಅಡಿಟಿಪ್ಪಣಿಯಿಂದ. ಪುಸ್ತಕದ ಇನ್ನೂರ ಹನ್ನೆರಡನೇ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಒಬ್ಬ ಪ್ರೊಫೆಸರರ ಗ್ರಂಥದ ಹೆಸರಿತ್ತು. ಪ್ರಕಾಶನದ ಪರಿಶೀಲಕಿ ಬೆಳಿಗ್ಗೆ ಒಂಬತ್ತಕ್ಕೇ ಫೋನು ಮಾಡಿ, ಇದು ಆಧಾರವಲ್ಲ, ಪ್ರೊಫೆಸರರೂ ಯಾರಿಂದಲೋ ಕೇಳಿ ಬರೆದದ್ದು, ನನಗೆ ಮೂಲ ಬೇಕು ಎಂದರು. ಸಂಜೆ ನಾಲ್ಕಕ್ಕೆ ಪುಸ್ತಕ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಮೂಲ ಸಿಗದಿದ್ದರೆ ಆ ಅಧ್ಯಾಯಕ್ಕೆ ಕತ್ತರಿ.

ಪುಸ್ತಕ ಬರೆದ ಪಲ್ಲವಿರಾಯ ಫೋನಿಟ್ಟು ಚಪ್ಪಲಿ ಮೆಟ್ಟಿದ. ಆ ಹೆಸರು ಓಣಿಯವರು ಇಟ್ಟದ್ದು. ಅವನು ಯಾವ ಹಾಡು ಎತ್ತಿದರೂ ಪಲ್ಲವಿ ದಾಟಿದ್ದನ್ನು ಯಾರೂ ಕೇಳಿರಲಿಲ್ಲ. ಹಾಡಲು ಬಾರದವನು ಹಾಡುಗಳ ಬಗ್ಗೆ ಬರೆಯುತ್ತಿದ್ದ, ಪಾಪ. ಮೂವತ್ತು ವರ್ಷ ಪತ್ರಿಕೆಯಲ್ಲಿ ಸವೆದು, ನಿವೃತ್ತಿಯಾದ ಮೇಲೆ ಆರು ವರ್ಷ ಕೂತು ಬರೆದ ಏಕೈಕ ಪುಸ್ತಕ ಇದು. ಅದರ ಬೆನ್ನೆಲುಬೇ ಆ ಅಧ್ಯಾಯ. ಒಂದು ಹಳೇ ಸಿನಿಮಾ ಹಾಡು; ಎರಡನೇ ಚರಣದಲ್ಲಿ ಗಾಯಕಿಯ ದನಿ ಒಂದು ಕ್ಷಣ ಬಿಕ್ಕಿ ನಿಲ್ಲುತ್ತದೆ. ಆ ಗಳಿಗೆಯಲ್ಲೇ ಅವಳಿಗೆ ತಾಯಿ ತೀರಿಕೊಂಡ ಸುದ್ದಿ ಬಂತು, ಆದರೂ ಹಾಡು ಮುಗಿಸಿದಳು ಎಂಬುದು ಮನೆಮನೆಗೂ ಗೊತ್ತಿದ್ದ ಕತೆ. ಒಂದಿಡೀ ತಲೆಮಾರು ಅಳಲು ಕಲಿತದ್ದು ಆ ಬಿಕ್ಕಿನಿಂದ ಎಂದು ಅವನು ನಲವತ್ತು ಪುಟ ಬರೆದಿದ್ದ. ಅದನ್ನು ಕಿತ್ತರೆ ಪುಸ್ತಕದಲ್ಲಿ ಮುನ್ನುಡಿ ಮತ್ತು ಹೆಂಡತಿಗೆ ಹೇಳಿದ ಕೃತಜ್ಞತೆ ಮಾತ್ರ ಗಟ್ಟಿಯಾಗಿ ಉಳಿಯುತ್ತಿತ್ತು.

ಮೆಟ್ಟಿಲಿಳಿಯುವಾಗ ಕೆಳಮನೆಯ ದರ್ಜಿ ಅಡ್ಡ ಬಂದ. ಅವನಿಗೆ ವಿಷಯ ಮುಟ್ಟಿಸಿದ್ದು ಪಲ್ಲವಿರಾಯನ ಹೆಂಡತಿಯೇ ಇರಬೇಕು.

"ಆಧಾರ ಯಾಕೆ ಹುಡುಕ್ತೀರಿ ಸಾರ್? ಆವತ್ತು ನಾನು ಸ್ಟುಡಿಯೋ ಬಾಗ್ಲಲ್ಲೇ ನಿಂತಿದ್ದೆ. ನನ್ನ ಹೆಸರು ಹಾಕ್ಬಿಡಿ."

ಆ ಹಾಡು ಬಂದಾಗ ದರ್ಜಿಗೆ ನಾಲ್ಕು ವರ್ಷ. ಅದನ್ನು ಹೇಳಿದರೆ, ತಂದೆಯ ಹೆಗಲ ಮೇಲಿದ್ದೆ ಎಂದ. ಬೇಡವೆಂದರೂ ಕತ್ತಿನ ಟೇಪು ತೆಗೆಯದೆ ಹಿಂದೆಯೇ ಹೊರಟ.

ಪ್ರೊಫೆಸರರು ಕುರ್ಚಿಯಿಂದ ಏಳದೆ, ತಮಗಿದನ್ನು ಹೇಳಿದ್ದು ರೇಡಿಯೋದ ಹಳೇ ಉದ್ಘೋಷಕರು ಎಂದು ಕೈತೊಳೆದುಕೊಂಡರು. ಉದ್ಘೋಷಕರು ಊರಿನ ಇನ್ನೊಂದು ತುದಿಯಲ್ಲಿದ್ದರು. ಮೂರು ಮಹಡಿ, ಲಿಫ್ಟು ಕೆಟ್ಟಿತ್ತು. ಕಿವಿ ಮಂದವಾಗಿದ್ದರೂ ಅವರ ಕಂಠ ಇನ್ನೂ ಕಂಚಿನಂತೆ ಮೊಳಗುತ್ತಿತ್ತು. ಇಪ್ಪತ್ತು ವರ್ಷ ಆ ಹಾಡು ಹಾಕುವ ಮುಂಚೆ ತಪ್ಪದೆ ಆ ಕತೆ ಹೇಳಿದ್ದಾಗಿಯೂ, ಗಾಳಿಮಾತಿಗೆ ತಾವು ಬಾಯಿ ಕೊಟ್ಟವರಲ್ಲವೆಂದೂ ಗುಡುಗಿ, ಒಂದು ನೋಟುಬುಕ್ಕು ತೆಗೆದರು. ಅದರಲ್ಲಿ ಪಲ್ಲವಿರಾಯ ದುಡಿದಿದ್ದ ಪತ್ರಿಕೆಯದೇ ಒಂದು ತುಣುಕು ಅಂಟಿಸಿತ್ತು: ಬೆರಳುದ್ದದ ಬರಹ. ಪಕ್ಕದಲ್ಲಿ ಇಸವಿ ಮಾತ್ರ ಗೀಚಿತ್ತು; ಬರೆದವರ ಹೆಸರಿಲ್ಲ.

ಪಲ್ಲವಿರಾಯನಿಗೆ ಹೋದ ಜೀವ ಬಂದಂತಾಯಿತು. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರಿಂದ ತುಣುಕಿನ ಫೋಟೋ ತೆಗೆಯುವ ಕೆಲಸ ದರ್ಜಿಗೆ ಬಿತ್ತು. ಪರಿಶೀಲಕಿಗೆ ಕಳಿಸಿದ ಐದೇ ನಿಮಿಷಕ್ಕೆ ಉತ್ತರ ಬಂತು. ಸಂತೋಷ, ಇದು ಪ್ರಕಟವಾದ ದಿನಾಂಕ, ಬರೆದವರು ಯಾರು ಎಂಬುದೂ ಬೇಕು.

ಎರಡು ಬಸ್ಸು ಬದಲಾಯಿಸಿ ಪತ್ರಿಕೆಯ ಕಚೇರಿ ಸೇರುವಾಗ ಎರಡು ಗಂಟೆ. ಮೂವತ್ತು ವರ್ಷ ದುಡಿದ ಜಾಗದಲ್ಲಿ ಅವನ ಗುರುತು ಹಿಡಿದದ್ದು ಹಳೇ ಸಂಚಿಕೆಗಳ ಕೋಣೆಯ ಗುಮಾಸ್ತ ಒಬ್ಬನೇ. ಅವನು ಧೂಳು ಕೊಡವಿ ದಪ್ಪ ಸಂಪುಟ ಇಳಿಸಿ, ಪುಟ ಹುಡುಕಿ, ತನ್ನ ಕನ್ನಡಕವನ್ನೇ ಕೊಟ್ಟ.

ಪಲ್ಲವಿರಾಯ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಸ್ಟೂಲು ಎಳೆದು ಕೂತು ಮೂರನೇ ಸಲ ಓದಿದ.

ಆ ಮಧ್ಯಾಹ್ನ ಅವನಿಗೆ ನಿಚ್ಚಳವಾಗಿ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಕೊನೇ ಗಳಿಗೆಯಲ್ಲಿ ಒಂದು ಜಾಹೀರಾತು ಬಿದ್ದುಹೋಗಿ ಏಳನೇ ಪುಟದಲ್ಲಿ ಬೆರಳುದ್ದದ ಜಾಗ ಖಾಲಿ ಉಳಿದಿತ್ತು. ಏನಾದರೂ ತುಂಬು ಎಂದು ಮುಖ್ಯ ಉಪಸಂಪಾದಕರು ಕೂಗಿದ್ದರು. ಪಕ್ಕದ ಕ್ಯಾಂಟೀನಿನಲ್ಲಿ ಆ ಹಾಡು ಬರುತ್ತಿತ್ತು. ಗಾಯಕಿ ಬಿಕ್ಕಿದಳು, ಇವನು ಅವಳ ತಾಯಿಯನ್ನು ಸಾಯಿಸಿದ. ಆಮೇಲೆ ಅಂಥ ಸಾವಿರಾರು ತುಣುಕು ಬರೆದು ಇದನ್ನು ಮರೆತ. ವರ್ಷಗಳ ನಂತರ ರೇಡಿಯೋದಲ್ಲಿ ಅದೇ ಕತೆ ಕೇಳಿ ಕಣ್ಣೊರೆಸಿಕೊಂಡವರಲ್ಲಿ ಅವನೂ ಒಬ್ಬ.

ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಆದರೂ ಒಂದು ಆಸೆ ಚಿಗುರಿತು: ಒಂದು ಸುಳ್ಳು ನಂಬಿ ಇಡೀ ನಾಡು ಹೇಗೆ ಅತ್ತಿತು ಎಂದು ಬರೆದರೆ ಅಧ್ಯಾಯ ಉಳಿದೀತು. ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದ.

"ಅದು ಸುಳ್ಳು ಅನ್ನೋದಕ್ಕೆ ಆಧಾರ ಏನು ಸರ್?" ಎಂದರು ಪರಿಶೀಲಕಿ.

"ನಾನೇ ಬರ್ದಿದ್ದಮ್ಮ ಅದನ್ನ."

"ಅದ್ರಲ್ಲಿ ನಿಮ್ಮ ಹೆಸರಿಲ್ವಲ್ಲ."

ಅಷ್ಟರಲ್ಲಿ ದರ್ಜಿ ಫೋನು ಕಸಿದುಕೊಂಡ. ಸಾರ್‌ಗೆ ಬಿಸಿಲು ತಾಗಿದೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅವರ ಮಾತು ಹೊಟ್ಟೆಗೆ ಹಾಕಿಕೊಳ್ಳಿ, ಬಿಕ್ಕಿದ್ದನ್ನು ತಾನು ಕಣ್ಣಾರೆ ಕಂಡವನು ಎಂದು ಬೇಡಿದ. ಪರಿಶೀಲಕಿಯ ಲೆಕ್ಕ ಸರಳವಾಗಿತ್ತು. ಒಂದು ಪತ್ರಿಕೆ, ಒಂದು ರೇಡಿಯೋ, ಒಂದು ಗ್ರಂಥ, ಈಗ ಒಬ್ಬ ಪ್ರತ್ಯಕ್ಷ ಸಾಕ್ಷಿ. ಅದರ ವಿರುದ್ಧ ಒಬ್ಬ ಹಸಿದ ಲೇಖಕ. ಸಂಗತಿ ನಿಜವೆಂದು ಒಪ್ಪಲಾಗಿದೆ ಎಂದರು. ಆಮೇಲೆ ಫೋನನ್ನು ಪಲ್ಲವಿರಾಯನಿಗೆ ಕೊಡಿಸಿ ದನಿ ತಗ್ಗಿಸಿದರು.

"ಬೇರೆ ತೊಂದ್ರೆ ಇದೆ ಸರ್. ನಿಮ್ಮ ಅಧ್ಯಾಯದ ಮೊದಲ ಪ್ಯಾರಾ, ಈ ತುಣುಕು, ಎರಡೂ ಪದಕ್ಕೆ ಪದ ಒಂದೇ. ಇದನ್ನ ನಾವು ಕದ್ದಿದ್ದು ಅಂತೀವಿ."

ರೇಡಿಯೋದಲ್ಲಿ ಕೇಳಿ ಕೇಳಿ ಬಾಯಿಪಾಠವಾದ ಮಾತುಗಳು. ಅವು ಇವನ ಕೈಗೆ ತಾವಾಗಿ ಬಂದಿದ್ದವು. ಎಷ್ಟು ಹೇಳಿದರೂ ಅವರು ಕರಗಲಿಲ್ಲ. ಕೊನೆಗೆ ಒಂದು ದಾರಿ ತೋರಿಸಿದರು: ತುಣುಕು ಬರೆದವರಿಂದ ನಾಲ್ಕರೊಳಗೆ ಒಪ್ಪಿಗೆ ಪತ್ರ.

ಗಂಟೆ ಮೂರೂವರೆ. ಪಲ್ಲವಿರಾಯ ಗುಮಾಸ್ತನಿಂದ ಎರಡು ಹಾಳೆ ಇಸಿದುಕೊಂಡ. ಒಂದರಲ್ಲಿ ತನ್ನ ಒಪ್ಪಿಗೆ ಕೇಳಿಕೊಂಡು ಸಹಿ ಹಾಕಿದ. ಇನ್ನೊಂದರಲ್ಲಿ, ಸಂತೋಷದಿಂದ ಬಳಸಿಕೊಳ್ಳಿ ಎಂದು ತನಗೆ ತಾನೇ ಬರೆದು ಸಹಿ ಹಾಕಿದ. ದರ್ಜಿ ಎರಡರ ಫೋಟೋ ತೆಗೆದು ಕಳಿಸಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಫೋನು ಬಂತು.

"ಅಧ್ಯಾಯ ತೆಗೆದಿದೀವಿ ಸರ್," ಎಂದರು ಪರಿಶೀಲಕಿ. ಅವರ ದನಿಯಲ್ಲಿ ನಿಜವಾದ ನೋವಿತ್ತು. "ಕದ್ದಿದ್ದನ್ನಾದ್ರೂ ಕ್ಷಮಿಸ್ಬಹುದಿತ್ತು. ಈ ವಯಸ್ಸಲ್ಲಿ ಇನ್ನೊಬ್ಬರ ಸಹಿ ನೀವೇ ಹಾಕೋದಾ?"