ಕುಂಕುಮ ಕೊಟ್ಟು ಕರೆದ ಕೇಸು

ಖಜಾನೆ ಇಲಾಖೆಯಿಂದ ನಿವೃತ್ತನಾದ ಮೇಲೆ ನನಗೆ ಹತ್ತಿರುವ ಚಟ ಒಂದೇ, ಕೋರ್ಟು ನೋಡುವುದು. ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ಭಜನೆಗೆ ಹೋಗುತ್ತಾರೆ. ನಾನು ತಿಂಡಿ ಮುಗಿಸಿ ಮಧುಗಿರಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತೇನೆ. ತಂಗಿಯ ಮನೆಗೆಂದು ಶಿರಾಕ್ಕೆ ಹೋದರೂ ಅಲ್ಲಿನ ಕೋರ್ಟಿಗೆ ಒಂದು ಹಾಜರಿ ಹಾಕದೆ ಬರುವವನಲ್ಲ. ಮೊದಲೆಲ್ಲ ಲಾಯರುಗಳ ವಾದ ಕೇಳಲು ಹೋಗುತ್ತಿದ್ದೆ. ಈಗ ಫೋನಿನಲ್ಲಿ ಎಐ ಅಂತ ಒಂದು ಬಂದು, ಕೇಳಿದ್ದಕ್ಕೆಲ್ಲ ಉತ್ತರ ಸಿಗುವುದರಿಂದ ಕಕ್ಷಿದಾರನೇ ಲಾಯರು. ಅದರಲ್ಲೂ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಿಗೆ, ಪಾಪ, ಇನ್ನೊಬ್ಬರ ಹತ್ತಿರ ಬಾಯಿ ಬಿಡಲು ನಾಚಿಕೆ. ಫೋನನ್ನೇ ನಂಬಿಕೊಂಡು ಬಂದು ನಿಲ್ಲುತ್ತಾರೆ. ಹಾಗಾಗಿ ನನ್ನ ಬೆಂಚಿಗೆ ಬೇಜಾರು ಅನ್ನುವುದೇ ಇಲ್ಲ.

ಕೊನೆಯ ಸಾಲು

ಮೊದಲು ಶಿರಾದ್ದೊಂದು ಹೇಳಿಬಿಡುತ್ತೇನೆ. ಗೌಡಗೆರೆ ಕಡೆಯ ಒಬ್ಬ ಕಡಲೆಕಾಯಿ ಬೆಳೆಗಾರ ಕುಡಿದು ಮೊಪೆಡ್‌ನಲ್ಲಿ ಬರುತ್ತಾ ಸಿಕ್ಕಿಬಿದ್ದಿದ್ದ. ಜಡ್ಜ್ ಸಾಹೇಬರು, "ಏನಪ್ಪ ಹೇಳ್ತೀಯಾ?" ಎಂದರು. ಆತ ಜೇಬಿನಿಂದ ಕಾಗದ ತೆಗೆದ. ಫೋನು ಬರೆದುಕೊಟ್ಟದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ. ಶಾಲೆಯಲ್ಲಿ ಪಾಠ ಓದುವ ಹಾಗೆ ನಿಂತು, ಒಂದಕ್ಷರ ಬಿಡದೆ ಓದಿದ. ತಾನು ಗೌರವಸ್ಥ, ಕುಟುಂಬಸ್ಥ, ಇದು ಮೊದಲ ತಪ್ಪು, ದಯವಿಟ್ಟು ಕರುಣೆ ತೋರಬೇಕು. ಎಷ್ಟು ಚೆನ್ನಾಗಿತ್ತೆಂದರೆ ಪಕ್ಕದಲ್ಲಿದ್ದ ಪೇದೆಯೂ ತಲೆದೂಗಿದ. ಆದರೆ ಕರುಣೆಯ ಸಾಲಿಗೆ ನಿಲ್ಲಿಸಬೇಕೆಂದು ಆತನಿಗೆ ಯಾರೂ ಹೇಳಿರಲಿಲ್ಲ. ಕಾಗದದ ಕೆಳಗಿದ್ದದ್ದನ್ನೂ ಅದೇ ಗಾಂಭೀರ್ಯದಿಂದ ಓದಿದ: "ನಿಮಗೆ ಇನ್ನೇನಾದರೂ ಸಹಾಯ ಬೇಕಿದ್ದರೆ ಸಂಕೋಚವಿಲ್ಲದೆ ಕೇಳಿ."

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಬೇಕಪ್ಪ. ದಂಡ ಕಟ್ಟಿ ಹೋಗು, ಅದೇ ದೊಡ್ಡ ಸಹಾಯ."

ಗುಟ್ಟು ಕಾಯುವ ಲಾಯರು

ಇನ್ನು ನಮ್ಮ ಮಧುಗಿರಿಯದು. ನಮ್ಮ ಪಕ್ಕದ ಮನೆಯಾತ ಮಿಡಿಗೇಶಿ ಕಡೆಗೆ ಓಡುವ ಒಂದು ಖಾಸಗಿ ಬಸ್ಸಿನ ಡ್ರೈವರು. ಇಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ತುಳಿಸಿದವನಲ್ಲ. ಒಂದು ದಿನ ಸಂಜೆ ಮೋರೆ ಸಪ್ಪಗೆ ಮಾಡಿಕೊಂಡು ನಮ್ಮ ಜಗಲಿಗೆ ಬಂದು ಕೂತ. ರಜದ ದಿನ ಒಂದಿಷ್ಟು ಹಾಕಿಕೊಂಡು ಬೈಕಿನಲ್ಲಿ ಬರುತ್ತಿದ್ದಾಗ ಪೊಲೀಸರು ಮಿಷನ್ ಊದಿಸಿ ಕೇಸು ಹಾಕಿದ್ದರಂತೆ.

"ದಂಡ ಹೆಂಗೋ ಕಟ್ಬೋದು ಸಾರ್. ಲೈಸೆನ್ಸ್ ಕಿತ್ಕೊಂಡ್ರೆ ನಂದು ಮುಗೀತು. ಸ್ಟೇರಿಂಗ್ ಬುಟ್ರೆ ನಂಗೆ ಬ್ಯಾರೆ ಕಸುಬು ಬರಾಕಿಲ್ಲ."

"ಒಬ್ಬ ಒಳ್ಳೆ ಲಾಯರನ್ನ ನೋಡಪ್ಪ" ಅಂದೆ.

"ಲಾಯರುಗಳೆಲ್ಲ ನನ್ ಬಸ್ನಾಗೇ ಓಡಾಡೋದು ಸಾರ್. ಒಬ್ಬರಿಗೆ ಏಳಿದ್ರೆ ಮಿಡಿಗೇಶಿವರ್ಗೂ ಗೊತ್ತಾಯ್ತದೆ. ಅದ್ಕೇ ಫೋನ್ನೇ ಕೇಳ್ತಾ ಇವ್ನಿ. ಅದು ಯಾರಿಗೂ ಏಳಾಕಿಲ್ವಂತೆ. ಅದೇ ಏಳ್ತು."

ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ನಾನೂ ಒಬ್ಬರ ಗೃಹಪ್ರವೇಶಕ್ಕೆಂದು ಅದೇ ಬಸ್ಸಿನಲ್ಲಿ ಕೂತಿದ್ದೆ. ಈತ ಡ್ರೈವರ್ ಸೀಟಿನಲ್ಲೇ ಫೋನನ್ನು ಬಾಯಿಯ ಹತ್ತಿರ ಹಿಡಿದು ಏನೋ ಪಿಸುಗುಟ್ಟಿದ. ಫೋನಿಗೆ ಪಿಸುಗುಟ್ಟುವುದು ಗೊತ್ತಿಲ್ಲ. ಬ್ಲೂಟೂತ್ ಬೇರೆ ಬಸ್ಸಿನ ಸ್ಪೀಕರಿಗೆ ಸೇರಿಕೊಂಡಿತ್ತು. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಓದುವ ದನಿಯಲ್ಲಿ ಇಡೀ ಬಸ್ಸಿಗೆ ಕೇಳಿಸಿತು: "ನೀವು ಮದ್ಯಪಾನ ಮಾಡಿ ವಾಹನ ಚಲಾಯಿಸಿದ್ದೀರಿ ಎಂಬ ವಿಷಯ ನನಗೆ ಅರ್ಥವಾಯಿತು. ಚಿಂತಿಸಬೇಡಿ. ಇದು ನಮ್ಮಿಬ್ಬರ ನಡುವೆಯೇ ಇರಲಿದೆ."

ಮುಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಹೂವಿನ ಅಜ್ಜಿ ಮೊದಲು ಬಾಯಿ ಬಿಟ್ಟರು. "ಚಿಂತೆ ಮಾಡ್ಬ್ಯಾಡ ಕಣ್ಲಾ. ನಾವೂ ಯಾರಿಗೂ ಏಳಾಕಿಲ್ಲ."

ಬಾಯಿ ಮುಕ್ಕಳಿಸುವ ಔಷಧಿ

ಫೋನು ಆತನಿಗೊಂದು ದಾರಿ ತೋರಿಸಿತ್ತು. ಬಾಯಿ ಮುಕ್ಕಳಿಸುವ ಔಷಧಿಯಿಂದಲೂ ಮಿಷನ್ನು ತಪ್ಪು ತೋರಿಸಬಹುದಂತೆ. ಹಾಗಂತ ವಾದ ಮಾಡಬೇಕು, ಮೊದಲು ಮನೆಯವರಲ್ಲಿ ಒಬ್ಬರನ್ನು ನ್ಯಾಯಾಧೀಶರನ್ನಾಗಿ ಕೂರಿಸಿ ಅಭ್ಯಾಸ ಮಾಡಬೇಕು ಅಂತಲೂ ಹೇಳಿತ್ತಂತೆ. ಮನೆಯವರು ಅಂದರೆ ಹೆಂಡತಿ. ಆಯಮ್ಮನನ್ನು ಕುರ್ಚಿ ಮೇಲೆ ಕೂರಿಸಿ ಈತ ಕೈಕಟ್ಟಿ ನಿಂತ. ಸಾಕ್ಷಿಗೆ ನಾನು.

"ಮೇಡಂ, ಅವತ್ತು ನಾನು ಕುಡ್ದಿರ್ಲಿಲ್ಲ. ಮೌತ್‌ವಾಷ್ ಹಾಕಿ ಬಾಯಿ ಮುಕ್ಕಳಿಸಿದ್ದೆ."

ಆಯಮ್ಮ ಜಡ್ಜು ಸ್ಥಾನಕ್ಕೆ ಬಹಳ ಬೇಗ ಹೊಂದಿಕೊಂಡರು. "ಯಾರ ಜೊತೆ ಮುಕ್ಕಳಿಸಿದ್ದೆ?"

"ಅದು ಕೇಸಿಗೆ ಸಂಬಂಧ ಇಲ್ಲ ಕಣೆ."

"ನನಗೆ ಸಂಬಂಧ ಐತೆ. ಅವತ್ತು ಗೊರವನಹಳ್ಳಿಗೆ ಹೋಗಿ ಲಕ್ಷ್ಮಮ್ಮನಿಗೆ ಕೈಮುಗಿದು ಬತ್ತೀನಿ ಅಂತ ಹೋದೆ. ಪ್ರಸಾದ ಎಲ್ಲಿ?"

ಈತ ಫೋನು ನೋಡಿಕೊಂಡು, "ಅಬ್ಜೆಕ್ಷನ್" ಅಂದ.

"ಅದನ್ನ ಕೋರ್ಟ್ನಾಗೆ ಮಡಿಕೋ, ಇದು ನನ್ನ ಮನೆ" ಎಂದು ಹೇಳಿ ಆಯಮ್ಮ ನನ್ನ ಕಡೆ ತಿರುಗಿದರು. "ನೋಡಿ ಸಾರ್. ಮದುವೆ ಆದಾಗಿಂದ ಬೇವಿನಕಡ್ಡಿ ಬುಟ್ಟು ಇನ್ನೊಂದ್ರಲ್ಲಿ ಹಲ್ಲುಜ್ಜಿಲ್ಲ. ಬ್ರಷ್ಷೇ ಇಲ್ದೋನಿಗೆ ಮೌತ್‌ವಾಷಂತೆ."

ಆ ವಾದ ಅಲ್ಲಿಗೇ ವಜಾ ಆಯಿತು.

ಹನ್ನೆರಡು ಜನ

ಆತ ಸೋಲುವವನಲ್ಲ. ಮತ್ತೆ ಫೋನನ್ನು ಕೇಳಿದ. ಯಾವ ದೇಶದ ಕಾನೂನು ಓದಿಕೊಂಡಿತ್ತೋ, ಹನ್ನೆರಡು ಜನ ಸಾಮಾನ್ಯರ ಜೂರಿ ಇರುತ್ತದೆ, ಅವರ ಮನಸ್ಸು ಗೆದ್ದರೆ ಕೇಸು ಗೆದ್ದಂತೆ ಅಂದುಬಿಟ್ಟಿತು. ನಮ್ಮ ದೇಶದಲ್ಲಿ ಅಂಥದ್ದೇನೂ ಈಗಿಲ್ಲವಪ್ಪ ಎಂದು ನಾನು ಗಂಟಲು ಒಣಗುವಷ್ಟು ಹೇಳಿದೆ.

"ಸಾರ್, ಬೇಜಾರ್ ಮಾಡ್ಕೋಬ್ಯಾಡಿ. ನೀವು ಖಜಾನೆಯೋರು. ಕೋರ್ಟಿಂದು ನಿಮಗೆ ಹೆಂಗೆ ಗೊತ್ತಾಯ್ತದೆ?"

ಇಷ್ಟು ದಿನದ ನನ್ನ ಬೆಂಚಿಗೆ ಬೆಲೆಯೇ ಇಲ್ಲದಂತಾಯಿತು.

ಜೂರಿ ಅಂದರೆ ಆತನ ಪ್ರಕಾರ ಊರ ಪಂಚಾಯ್ತಿ. ಪಂಚಾಯ್ತಿ ಅಂದ ಮೇಲೆ ಒಂದೇ ಕಡೆಯವರನ್ನು ಕೂರಿಸಿದರೆ ಆಡಿಕೊಳ್ಳುತ್ತಾರೆ. ಬಸ್ಸಿನವರಿಗೆ ಹೇಗೂ ವಿಷಯ ಗೊತ್ತಾಗಿತ್ತು. ಅವರಲ್ಲೇ ಮೇಲಿನ ಬೀದಿಯವರು ಆರು, ಕೆಳಗಿನ ಬೀದಿಯವರು ಆರು ಅಂತ ಆರಿಸಿದ. ಹೆಂಡತಿ ಗೊಣಗುತ್ತಲೇ ಹೊಸ ಸೀರೆ ಉಟ್ಟು ಹೊರಟರು. ಕರೆಯುವುದು ಅಂದ ಮೇಲೆ ಬರೀ ಬಾಯಿಮಾತಿನಲ್ಲಿ ಕರೆದರೆ ಆಗುತ್ತದೆಯೇ. ಹೆಂಗಸರಿಗೆ ಅರಿಶಿನ ಕುಂಕುಮ, ಗಂಡಸರಿಗೆ ಎಲೆ ಅಡಿಕೆ. ಮನೆ ಮನೆ ಬಾಗಿಲಲ್ಲಿ, "ಬುಧವಾರ ನಮ್ಮನೆಯೋರ ಕೇಸೈತೆ, ತಪ್ಪದೆ ಬರ್ಬೇಕು."

ನನ್ನ ಮನೆಗೂ ಬಂದು ಕರೆದರು. ನನ್ನ ಹೆಂಡತಿ ಕುಂಕುಮ ಇಟ್ಟುಕೊಂಡು, ಅಭ್ಯಾಸಬಲದಿಂದ ಕೇಳಿಯೇಬಿಟ್ಟಳು: "ಊಟ ಅಲ್ಲೇನಾ?"

ತೀರ್ಪು

ಬುಧವಾರ ಕೋರ್ಟಿನಲ್ಲಿ ನನ್ನ ಬೆಂಚಿನಲ್ಲಿ ನನಗೇ ಜಾಗವಿಲ್ಲ. ಹನ್ನೆರಡು ಜನರೂ ಒಗೆದ ಬಟ್ಟೆ ಹಾಕಿ, ಸಾಲಾಗಿ ಕೂತಿದ್ದರು. ಜಡ್ಜ್ ಮೇಡಂ ಆರೋಪ ಓದಿಸಿ, "ಒಪ್ಕೋತೀಯಾ?" ಎಂದರು. ನಮ್ಮ ಡ್ರೈವರು ಒಮ್ಮೆ ಹಿಂದೆ ತಿರುಗಿ ನೋಡಿದ. "ಇಲ್ಲ ಮೇಡಂ. ಇವರು ಏಳ್ತಾರೆ."

"ಯಾರು ಇವರೆಲ್ಲ?"

"ನನ್ ಜೂರಿ ಮೇಡಂ."

ಲಾಯರುಗಳ ಸಾಲಿನಲ್ಲಿ ಒಂದು ನಗೆಯ ಅಲೆ ಎದ್ದಿತು. ಮೇಡಂ ಮಾತ್ರ ನಗಲಿಲ್ಲ. ಏನಾದರೂ ಹೇಳುವುದಿದೆಯೇ ಅಮ್ಮ ಎಂದು ಮುಂದಿದ್ದ ಹೂವಿನ ಅಜ್ಜಿಯನ್ನು ಮೆತ್ತಗೆ ಕೇಳಿದರು.

ಅಜ್ಜಿ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ಬುದ್ಧಿ, ಈ ನನ್ಮಗ ಬಂಗಾರದಂತೋನು. ಬಸ್ ಹತ್ತೋ ದಿನ ಒಂದು ತೊಟ್ಟು ಮುಟ್ಟಾಕಿಲ್ಲ. ವಾರಕ್ಕೊಂದ್ ದಿನ ರಜಾ, ಶುಕ್ರವಾರ. ಅವತ್ತೊಂದೇ ದಿನ ಕುಡಿಯೋದು. ಶುಕ್ರವಾರ ಬ್ಯಾರೆ ಡ್ರೈವರ್ ಬತ್ತಾನೆ, ಅವನ್ನ ನೋಡಿದ್ ಕೂಡ್ಲೇ ನಾವೆಲ್ಲ ಅಂದ್ಕೋತೀವಿ, ನಮ್ಮೋನು ಕುಡ್ದವ್ನೆ ಅಂತ. ಪೊಲೀಸ್ನೋರು ಇವನ್ನ ಹಿಡಿದಿದ್ದು ಯಾವತ್ತು ಬುದ್ಧಿ?"

ಮೇಡಂ ಕಡತ ನೋಡಿದರು. "ಶುಕ್ರವಾರ."

"ಅಂಗಾದ್ರೆ ಕುಡ್ದಿದ್ದ ಬುಡಿ" ಎಂದು ಅಜ್ಜಿ ಕೂತರು.

ಮೇಡಂ ಉಳಿದವರ ಕಡೆ ನೋಡಿದರು. "ನೀವೇನಂತೀರಿ?"

ಮೇಲಿನ ಬೀದಿ, ಕೆಳಗಿನ ಬೀದಿ ಎರಡೂ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. "ಕುಡ್ದಿದ್ದ ಮೇಡಂ. ಆದ್ರೆ ಬಸ್ನಾಗೆ ಯಾವತ್ತೂ ಕುಡ್ದಿಲ್ಲ" ಎಂದರು ಎಲ್ಲರೂ ಒಟ್ಟಿಗೆ.

ಈತ ಕೈಮುಗಿದುಬಿಟ್ಟ. "ನಾನೇ ಕುಂಕುಮ ಕೊಟ್ಟು ಕರ್ಸಿದೀನಿ ಮೇಡಂ. ಅವರ ಮಾತು ಮೀರಾಕಾಗಲ್ಲ. ಒಪ್ಕೋತೀನಿ. ಲೈಸೆನ್ಸ್ ಒಂದು ಉಳಿಸ್ಕೊಡಿ."

ಮೇಡಂ ಸ್ವಲ್ಪ ಹೊತ್ತು ಬರೆದರು. ಆತನ ಹೆಂಡತಿ ಬಾಗಿಲ ಹತ್ತಿರ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಆಮೇಲೆ ಮೇಡಂ ಆದೇಶ ಹೇಳಿದರು: ದಂಡ ಕಟ್ಟಬೇಕು. ಬಸ್ಸಿನಲ್ಲಿ ಕುಡಿದವನಲ್ಲ ಅನ್ನುವುದಕ್ಕೆ ಅವನ ಪ್ರಯಾಣಿಕರೇ ಸಾಕ್ಷಿಯಾಗಿ ನಿಂತಿದ್ದಾರೆ, ಮೊದಲ ತಪ್ಪು, ಆದ್ದರಿಂದ ಲೈಸೆನ್ಸಿನ ತಂಟೆಗೆ ಕೋರ್ಟು ಹೋಗುವುದಿಲ್ಲ. ಇನ್ನೊಮ್ಮೆ ಸಿಕ್ಕರೆ ಯಾವ ಅಜ್ಜಿಯ ಮಾತೂ ನಡೆಯುವುದಿಲ್ಲ.

ಆತ ಕಣ್ಣೊರೆಸಿಕೊಂಡ. ಅಲ್ಲಿಗೆ ಸುಮ್ಮನೆ ಇಳಿದು ಬರಬೇಕೋ ಬೇಡವೋ. ಜೇಬಿನಲ್ಲಿ ಫೋನು ಗುಂಯ್ ಅಂದಿತು, ತೆಗೆದು ನೋಡಿದ. "ಮೇಡಂ, ತೀರ್ಪು ಬಂದ್ಮೇಲೆ ಅಪೀಲು ಅಂತ ಒಂದು ಹಾಕ್ಬೋದಂತೆ?"

ಮೇಡಂ ಅಷ್ಟು ಹೊತ್ತಿನ ಮೇಲೆ ಮೊದಲ ಸಲ ನಕ್ಕರು. "ಹಾಕಪ್ಪ, ಅದು ನಿನ್ನ ಹಕ್ಕು. ಹೋಗುವಾಗ ಈ ಹನ್ನೆರಡು ಜನರನ್ನೂ ಕರ್ಕೊಂಡು ಹೋಗು."

ಡ್ರೈವರು ಹಿಂದೆ ತಿರುಗಿದ. ಹೂವಿನ ಅಜ್ಜಿ ಆಗಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದರು.

"ಬ್ಯಾಡ ಮೇಡಂ" ಎಂದು ಆತ ಫೋನು ಆಫ್ ಮಾಡಿದ.